ಪೆಟ್ರೋಲ್ ಬಂಕಿನಲ್ಲಿ ಕಾರ್ಡು: ಖಾತೆಯ ಹಣಕ್ಕೆ ತಾತ್ಕಾಲಿಕ ತಡೆ

ನಮ್ಮ ದೇಶದ ಪೆಟ್ರೋಲ್ ಬಂಕುಗಳಲ್ಲಿ ನೌಕರನು ಇಂಧನ ತುಂಬಿದ ಬಳಿಕ, ಆದ ಮೊತ್ತಕ್ಕಷ್ಟೇ ಕಾರ್ಡಿನಿಂದ ಹಣ ಪಡೆಯುವುದು ರೂಢಿ. ಅಮೆರಿಕದಲ್ಲಿ ಈ ಕ್ರಮ ತಿರುಗುಮುರುಗು. ಅಲ್ಲಿ ಗ್ರಾಹಕನು ಮೊದಲು ಪಂಪಿನಲ್ಲಿ ಕಾರ್ಡು ಹಾಕಿ, ಅನಂತರ ತಾನೇ ಇಂಧನ ತುಂಬಿಕೊಳ್ಳುತ್ತಾನೆ. ಎಷ್ಟು ತುಂಬುವನೆಂಬುದು ಮುಂಚಿತವಾಗಿ ತಿಳಿಯದ ಕಾರಣ, ಬಂಕು ಒಂದು ಅಂದಾಜು ಮೊತ್ತಕ್ಕೆ ಬ್ಯಾಂಕಿನ ಅನುಮತಿ ಕೋರುತ್ತದೆ. ಬ್ಯಾಂಕು ಅಷ್ಟು ಹಣವನ್ನು ಖಾತೆಯಲ್ಲಿಯೇ ತಡೆಹಿಡಿಯುತ್ತದೆ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ಈ ಮೊತ್ತದ ಮಿತಿಯನ್ನು 2022ರಲ್ಲಿ 125 ಡಾಲರಿನಿಂದ 175 ಡಾಲರಿಗೆ ಏರಿಸಿದವು.

ಹೀಗೆ ತಡೆಹಿಡಿದ ಹಣ ಸಂದಾಯವಾದುದಲ್ಲ. ಆದರೂ ಬಳಕೆಗೆ ಒದಗದು. ಮಗಳ ಮನೆಗೆಂದು ಮುಂಬಯಿಯಿಂದ ಹೋದ ನಿವೃತ್ತರೊಬ್ಬರ ಪ್ರವಾಸಿ ಕಾರ್ಡಿನಲ್ಲಿ 200 ಡಾಲರುಗಳಿವೆ ಎನ್ನೋಣ. ಅವರು ತುಂಬಿಸಿದ್ದು 40 ಡಾಲರಿನ ಪೆಟ್ರೋಲು. 175 ಡಾಲರಿಗೆ ತಡೆ ಬಿದ್ದಿದ್ದರೆ, ಅದು ತೆರವಾಗುವವರೆಗೆ ಅವರ ಕೈಗೆಟಕುವುದು 25 ಡಾಲರು ಮಾತ್ರ. ಅದೇ ಸಂಜೆ ಔಷಧದ ಅಂಗಡಿಯಲ್ಲಿ ಕಾರ್ಡು ನಡೆಯದೆ ಹೋಗಬಹುದು. ಕಳವಾಯಿತೆಂದು ಗಾಬರಿಗೊಳ್ಳುವುದೂ ಸಹಜವೇ. ಕೆಲವೊಮ್ಮೆ ತಡೆ ಕೆಲವೇ ಗಂಟೆಗಳಲ್ಲಿ ತೆರವಾಗುತ್ತದೆ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಕ್ರೆಡಿಟ್ ಕಾರ್ಡಾದರೆ ತಡೆ ಬೀಳುವುದು ಸಾಲದ ಮಿತಿಯ ಮೇಲೆ. ಡೆಬಿಟ್ ಕಾರ್ಡಿನಲ್ಲಿ ಸ್ವಂತ ಹಣದ ಮೇಲೆಯೇ.

ಇದನ್ನು ತಪ್ಪಿಸುವ ಉಪಾಯ ಸರಳವಾದುದು. ಪಂಪಿನಲ್ಲಿ ಕಾರ್ಡು ಹಾಕದೆ, ಬಂಕಿನ ಒಳಗಿನ ಕೌಂಟರಿಗೆ ಹೋಗಿ, ಬೇಕಾದ ಮೊತ್ತವನ್ನು ತಿಳಿಸಿ ಮುಂಗಡವಾಗಿ ಪಾವತಿಸತಕ್ಕದ್ದು. ರಸೀದಿಯನ್ನು ಕಾಯ್ದಿಟ್ಟುಕೊಂಡಿದ್ದರೆ, ತಡೆ ಬಹುದಿನ ಉಳಿದಾಗ ಕಾರ್ಡು ನೀಡಿದ ಬ್ಯಾಂಕಿಗೆ ನಿಜವಾದ ಮೊತ್ತವನ್ನು ತೋರಿಸಲು ಅದು ಒದಗುತ್ತದೆ.