ಅಂತರ್ಜಾಲದಲ್ಲಿ ಜೋಳದ ರೊಟ್ಟಿ ಮಾರಾಟ: ಪೈಪೋಟಿದಾರರನ್ನು ಗುರುತಿಸುವ ಕ್ರಮ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಎರೆಭೂಮಿಯಲ್ಲಿ ಬಿಳಿಜೋಳ ಹಿಂಗಾರಿಯ ಮುಖ್ಯ ಬೆಳೆ. ಕಾಳು ಮಾರುವುದರ ಜೊತೆಗೆ ಖಡಕ್ ರೊಟ್ಟಿ ಮಾಡಿ ಮಾರುವ ರೈತ ಕುಟುಂಬಗಳೂ ಮಹಿಳಾ ಸಂಘಗಳೂ ಈಗ ಹಲವು. ಬಾದಾಮಿ ಸಮೀಪದ ಬನಶಂಕರಿಯಲ್ಲಿ ರೊಟ್ಟಿಬುಟ್ಟಿ ಇಟ್ಟುಕೊಂಡು ಕುಳಿತವರಿಗೆ ಪಕ್ಕದ ಬುಟ್ಟಿಯವರೇ ಪೈಪೋಟಿದಾರರು. ಅಂತರ್ಜಾಲದಲ್ಲಿ ಹಾಗಲ್ಲ. ಬೆಂಗಳೂರಿನ ಗಿರಾಕಿ ಗೂಗಲ್‌ನಲ್ಲಿ ಹುಡುಕಿದಾಗ ಮೊದಲ ಪುಟದಲ್ಲಿ ಕಾಣುವವರೆಲ್ಲರೂ ಪೈಪೋಟಿದಾರರೇ. ಅವರು ಯಾರೆಂದು ತಿಳಿಯದಿದ್ದರೆ ರೊಟ್ಟಿ ನಮ್ಮ ಸೀಮೆಯದು, ಲಾಭ ಬೇರೆಯವರದು ಎಂಬಂತಾಗುತ್ತದೆ. ಕಳೆಯ ಜಾತಿ ಗುರುತಿಸಿದ ನಂತರವೇ ಕಳೆನಾಶಕ ಆರಿಸುವಂತೆ, ಇಲ್ಲಿಯೂ ಮೊದಲು ಗುರುತಿಸುವ ಕೆಲಸವಾಗಬೇಕು.

ಅನುಸರಿಸಬೇಕಾದ ಕ್ರಮಗಳು

1. ಪದಗಳ ಪಟ್ಟಿ: ಗಿರಾಕಿಗಳು ಬಳಸುವ ಹತ್ತು ಪದಗಳನ್ನು ಬರೆದುಕೊಳ್ಳಿರಿ. 'ಜೋಳದ ರೊಟ್ಟಿ', 'ಖಡಕ್ ರೊಟ್ಟಿ' ಎನ್ನುವವರಿದ್ದಾರೆ; ಮರಾಠಿಗರು 'ಭಾಕರಿ' ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೀತಿಯೂ ಬೇರೆ ಬೇರೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡು ಪದಗಳನ್ನು ಉಚಿತವಾಗಿ ಹೋಲಿಸಿ ನೋಡಬಹುದು.

2. ಹುಡುಕುವ ಸ್ಥಳ: ಊರಿಂದ ಊರಿಗೆ ಫಲಿತಾಂಶ ಬದಲಾಗುತ್ತದೆ. ಹುನಗುಂದದಲ್ಲಿ ಕುಳಿತು ನೋಡಿದರೆ ಸಾಲದು. ಬೆಂಗಳೂರು, ಪುಣೆಯಲ್ಲಿರುವ ಬಂಧುಗಳಿಂದಲೂ ಅದೇ ಪದಗಳನ್ನು ಹುಡುಕಿಸಿ, ಮೊದಲ ಹತ್ತು ಹೆಸರುಗಳನ್ನು ತರಿಸಿಕೊಳ್ಳಿರಿ.

3. ವಿಂಗಡಣೆ: ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳನ್ನು ಬೇರೆಯಾಗಿಡಿರಿ. ಉಳಿದವನ್ನು ದೊಡ್ಡ ಮಾರಾಟ ತಾಣ, ಅಡುಗೆ ವಿಧಾನ ಹೇಳುವ ಪುಟ, ನಮ್ಮಂತಹ ಸಣ್ಣ ಮಾರಾಟಗಾರ ಎಂದು ಮೂರು ಗುಂಪು ಮಾಡಿರಿ. ಹಲವು ಪದಗಳಿಗೆ ಮತ್ತೆ ಮತ್ತೆ ಕಾಣುವ ಸಣ್ಣ ಮಾರಾಟಗಾರರೇ ನಮ್ಮ ನೇರ ಪೈಪೋಟಿದಾರರು.

4. ಅಧ್ಯಯನ: ಇಂತಹ ಮೂವರನ್ನು ಆರಿಸಿ ಬೆಲೆ, ರೊಟ್ಟಿಗಳ ಸಂಖ್ಯೆ, ಸಾಗಣೆ ವೆಚ್ಚ, ಚಿತ್ರಗಳು ಮತ್ತು ಪುಟದ ಶೀರ್ಷಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗಿರಾಕಿಗಳ ದೂರುಗಳನ್ನು ತಪ್ಪದೆ ಓದಿರಿ. ರೊಟ್ಟಿ ಮುರಿದು ಬಂದಿತು, ಮುಗ್ಗಲು ವಾಸನೆ ಇತ್ತು ಎಂಬ ದೂರು ನಮಗೆ ಪಾಠ.

5. ಕೊರತೆ ತುಂಬುವುದು: ಜೋಳ ಯಾವ ಊರಿನದು, ಮಾಲದಂಡಿಯೋ ಬೇರೆ ತಳಿಯೋ, ರೊಟ್ಟಿ ಬಡಿದ ದಿನಾಂಕ ಯಾವುದು, ಎಷ್ಟು ದಿನ ಇಡಬಹುದು ಎಂಬುದನ್ನು ಅವರು ಹೇಳಿದ್ದಾರೆಯೇ ನೋಡಿರಿ. ಕೊಂಡು ಮಾರುವವರಿಗೆ ಇದನ್ನು ಹೇಳುವುದು ಕಷ್ಟ, ಬೆಳೆದವರಿಗೆ ಸುಲಭ. ಈ ವಿವರಗಳನ್ನು ಹೊಲದ ಮತ್ತು ಒಲೆಯ ಚಿತ್ರಗಳೊಡನೆ ನಮ್ಮ ಪುಟದಲ್ಲಿ ಬರೆಯಬೇಕು. ಆಹಾರ ಸುರಕ್ಷತೆಯ 14 ಅಂಕಿಗಳ ಸಂಖ್ಯೆಯನ್ನೂ ಕಾಣಿಸಬೇಕು.

ಎಚ್ಚರಿಕೆ

ಬೇರೆಯವರ ಬರಹ, ಚಿತ್ರಗಳನ್ನು ನಕಲು ಮಾಡಬಾರದು. ಗೂಗಲ್‌ನಲ್ಲಿ ಮೊದಲ ಸ್ಥಾನ ಖಾತ್ರಿ ಎಂದು ಹಣ ಕೇಳುವವರನ್ನು ನಂಬಬಾರದು. ಅಂತಹ ಖಾತ್ರಿ ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ. ಫಲ ಕಾಣಲು ಕೆಲವು ತಿಂಗಳು ಬೇಕಾಗಬಹುದು. ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆಯನ್ನು ಪುನಃ ಮಾಡಿ, ಹಿಂದಿನ ಪಟ್ಟಿಯೊಡನೆ ಹೋಲಿಸಿರಿ.

ಈ ಕೆಲಸಕ್ಕೆ ಬೇಕಾದುದು ಒಂದು ಮೊಬೈಲು, ಒಂದು ನೋಟ್‌ಬುಕ್ಕು ಮತ್ತು ಎರಡು ಸಂಜೆಗಳ ಸಮಯ ಮಾತ್ರ. ಮನೆಯಲ್ಲಿ ಓದುವ ಮಕ್ಕಳ ನೆರವು ಪಡೆದು ರೈತ ಬಾಂಧವರೂ ಸಹೋದರಿಯರೂ ಇಂದೇ ಪ್ರಾರಂಭಿಸಬಹುದು.