ಅಮ್ಮನ ಎಲೆಚೀಲ, ಅಮ್ಮನ ಬೇಜಾರು

ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳು ಬೆಂಗಳೂರು ಸೇರಿದ್ದಾರೆ, ಮಂಡಿನೋವು ಹೊರಗೆ ಹೋಗಲು ಬಿಡುವುದಿಲ್ಲ. ನಮ್ಮ ಊರುಗಳಲ್ಲಿ ಇಂಥ ಹೆಂಗಸರು ಬೀಡಿ ಸೇದುವುದು ಕಡಿಮೆ. ಅವರ ಸಂಗಾತಿ ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು. ಬೀಡಿ, ಹೊಗೆಸೊಪ್ಪು ಎರಡರಲ್ಲೂ ಇರುವುದು ನಿಕೋಟಿನ್ನೇ. ದವಡೆಗಿಟ್ಟ ಸೊಪ್ಪು ಸ್ವಲ್ಪ ಹೊತ್ತು ಮನಸ್ಸು ಹಗುರ ಮಾಡುತ್ತದೆ, ನಿಜ. ಅದರ ಅಂಶ ಇಳಿಯುತ್ತಲೇ ಚಡಪಡಿಕೆ, ಸಿಡುಕು, ಬೇಸರ. ಮತ್ತೊಂದು ಚೂರು ಬೇಕೆನಿಸುತ್ತದೆ. "ಬೇಜಾರಿಗೆ ಹಾಕ್ಕೋತೀನಿ ಕಣಮ್ಮಾ" ಅನ್ನುವವರಿಗೆ, ಆ ಬೇಜಾರಿನಲ್ಲಿ ಸೊಪ್ಪಿನದೂ ಒಂದು ಪಾಲಿದೆ ಎಂದು ಯಾರೂ ಹೇಳಿರುವುದಿಲ್ಲ.

ಹಾಗಂತ ಚೀಲ ಕಿತ್ತುಕೊಂಡು ಬಯ್ಯಬೇಡಿ. ಮೊದಲು ಪಕ್ಕದಲ್ಲಿ ಕೂತು ಕೇಳಿ: ರಾತ್ರಿ ನಿದ್ದೆ ಬರುತ್ತಾ? ಊಟ ಸೇರುತ್ತಾ? ಪೂಜೆ, ಟಿ.ವಿ., ಮೊಮ್ಮಕ್ಕಳ ಫೋನು ಯಾವುದೂ ಬೇಡವೆನಿಸಿ ಎರಡು ವಾರ ಕಳೆದಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ತಂಬಾಕು ಬಿಟ್ಟ ಮೊದಲ ವಾರಗಳಲ್ಲಿ ಮನಸ್ಸು ಕುಗ್ಗುವುದುಂಟು, ಆಗ ಜೊತೆಗಿರಿ. ಸಿಗರೇಟು ಬಿಟ್ಟವರಲ್ಲಿ ಮುಂದೆ ಖಿನ್ನತೆ, ಆತಂಕ ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ.

ಮನಸ್ಸಿನ ಮಾತಿಗೆ ಟೆಲಿ ಮನಸ್ 14416, ತಂಬಾಕು ಬಿಡಲು 1800-11-2356. ಎರಡೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರು ಒತ್ತಿ ಫೋನು ಅಮ್ಮನ ಕೈಗೆ ಕೊಡಿ.