ನೇರಳೆಯ ತಿರುಳೂ ಮಂಜುಗಡ್ಡೆಯ ನಿಯಮವೂ

ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಬೆಂಗಳೂರಿನ ಬೀದಿಗಳಲ್ಲಿ ನೇರಳೆಹಣ್ಣಿನ ತಳ್ಳುಗಾಡಿಗಳು ಕಾಣಿಸಿಕೊಳ್ಳುತ್ತವೆ. ಕೆಲವೇ ವಾರಗಳಲ್ಲಿ ಮಾಯವೂ ಆಗುತ್ತವೆ. ಹಣ್ಣಿನ ಸಿಪ್ಪೆ ಬಲು ತೆಳು. ಮರದಿಂದ ಇಳಿಸಿದ ಎರಡು ಮೂರು ದಿನಗಳಲ್ಲಿ ಅದು ಬಾಡಿ ಹುಳಿಯತೊಡಗುತ್ತದೆ. ಹೀಗಿರಲು, ಕಳೆದ ಫೆಬ್ರವರಿಯಲ್ಲಿ ಮಹಾಲಕ್ಷ್ಮಿ ಲೇಔಟಿನ ಆಂಜನೇಯ ದೇವಸ್ಥಾನದ ಗುಡ್ಡಕ್ಕೆ ಸಮೀಪದ ಒಂದು ಹಣ್ಣಿನ ರಸದ ಅಂಗಡಿಯಲ್ಲಿ ನೇರಳೆಯ ಪಾನಕ ದೊರೆಯುವುದೆಂದು ಕೇಳಿ, ನಾವು ಮೂವರು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದೆವು.

ನಾಲ್ಕು ಲೋಟಗಳು ಬಂದುವು. ನಮ್ಮ ಲೋಟದಲ್ಲಿ ಕಡುನೇರಳೆ ಬಣ್ಣ, ನಾಲಿಗೆ ಹಿಡಿಯುವ ಒಗರು, ಅತಿಯಾದ ಸಿಹಿ. ಪಕ್ಕದ ಹುಡುಗನ ಲೋಟದಲ್ಲಿದ್ದುದು ತೆಳುಗುಲಾಬಿ ನೀರು. ಆತ ಸುಮ್ಮನಿರಲಿಲ್ಲ, ನೀರು ಬೆರೆಸಿ ಕಾಸು ಪಡೆಯುವಿರಾ ಎಂದು ಎಲ್ಲರೆದುರಿಗೇ ಕೇಳಿಬಿಟ್ಟನು. ಅಂಗಡಿಯ ಯಜಮಾನರ ಮುಖ ಕಂದಿತು. "ಒಂದೇ ಗಡ್ಡೆ ಒಡೆದು ಕೊಟ್ಟದ್ದು ಮೇಷ್ಟ್ರೇ, ಒಂದು ತೊಟ್ಟು ನೀರು ಹೆಚ್ಚು ಹಾಕಿಲ್ಲ" ಎಂದರು. ಅವರ ಮಾತು ನಿಜವೆಂದು ನಮಗೆ ಆಗಲೇ ಅನ್ನಿಸಿತು. ಅದಕ್ಕೆ ಕಾರಣವನ್ನು ಪರಿಶೀಲಿಸೋಣ.

ನೇರಳೆಯ ತಿರುಳನ್ನು ತೆಗೆಯುವ ಕ್ರಮ ಸರಳವಾದುದು. ಹಣ್ಣನ್ನು ತೊಳೆದು, ಬೀಜ ಬೇರ್ಪಡಿಸಿ, ತಿರುಳನ್ನು ಕೆಲವು ನಿಮಿಷ ಬಿಸಿಮಾಡಿ, ಜರಡಿಯಲ್ಲಿ ಸೋಸಿ, ಚೀಲಗಳಲ್ಲಿ ತುಂಬಿ ಹಿಮಗಟ್ಟಿಸುತ್ತಾರೆ. ಬಿಸಿಮಾಡುವುದು ಅನಗತ್ಯವೆಂದು ಕೆಲವರು ಭಾವಿಸುವುದುಂಟು, ಅದು ತಪ್ಪು. ಶೈತ್ಯವು ಸೂಕ್ಷ್ಮಜೀವಿಗಳೆಲ್ಲವನ್ನೂ ಕೊಲ್ಲುವುದಿಲ್ಲ, ಕಿಣ್ವಗಳನ್ನು ನಾಶಮಾಡುವುದೂ ಇಲ್ಲ. ಅವುಗಳ ಕೆಲಸವನ್ನು ತಡೆದಿಡುತ್ತದೆ, ಅಷ್ಟೆ. ತಿರುಳು ಕರಗಿದೊಡನೆ ಅವು ಮರಳಿ ಎಚ್ಚರಗೊಳ್ಳುತ್ತವೆ. ಇಂತಹ ಸಂರಕ್ಷಣೆಯ ಶಾಸ್ತ್ರಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ನೆಲೆಯಿದೆ: 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ.

ಇನ್ನು ಭೌತಶಾಸ್ತ್ರಕ್ಕೆ ಬರೋಣ. ಶುದ್ಧವಾದ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಈ ಬಿಂದು ಕೆಳಗಿಳಿಯುತ್ತದೆ. ಎಷ್ಟು ಕರಗಿಸುವೆವೋ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಇದನ್ನು 1788ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಲಾಗ್ಡೆನ್ ಪ್ರಕಟಿಸಿದನು. ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್ ಸಕ್ಕರೆ ಕರಗಿದ್ದರೆ ಇಳಿತ 1.86 ಡಿಗ್ರಿ. ಈಗ ಒಂದು ಕಿಲೋಗ್ರಾಂ ತಿರುಳಿನಲ್ಲಿ 840 ಗ್ರಾಂ ನೀರು, 120 ಗ್ರಾಂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇವೆಯೆಂದು ಇಟ್ಟುಕೊಳ್ಳೋಣ. ಇವೆರಡರ ಅಣುಭಾರವೂ 180. ಲೆಕ್ಕ ಹಾಕಿದರೆ ಇಳಿತವು ಸುಮಾರು 1.5 ಡಿಗ್ರಿ ಎಂದು ದೊರೆಯುತ್ತದೆ. ಎಂದರೆ −1.5 ಡಿಗ್ರಿಯಲ್ಲಿ ತಿರುಳು ಗಟ್ಟಿಯಾಗಲು ಆರಂಭಿಸುತ್ತದೆ.

ಆರಂಭಿಸುತ್ತದೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ಮಂಜುಗಡ್ಡೆಯ ಸ್ಫಟಿಕದಲ್ಲಿ ನೀರಿನ ಅಣುಗಳು ಕಟ್ಟುನಿಟ್ಟಾದ ಕ್ರಮದಲ್ಲಿ ನಿಂತಿರುತ್ತವೆ. ಅಲ್ಲಿ ಸಕ್ಕರೆಯ ಅಣುವಿಗೆ ಎಡೆಯಿಲ್ಲ. ಆದುದರಿಂದ ಮೊದಲು ಹೆಪ್ಪುಗಟ್ಟುವುದು ಬರಿಯ ನೀರು. ಸಕ್ಕರೆ, ಆಮ್ಲ, ಬಣ್ಣ ಇವೆಲ್ಲವೂ ಉಳಿದ ದ್ರವಕ್ಕೆ ತಳ್ಳಲ್ಪಡುತ್ತವೆ. ಅರ್ಧ ನೀರು ಮಂಜುಗಡ್ಡೆಯಾದಾಗ ಉಳಿದ ದ್ರಾವಣ ಇಮ್ಮಡಿ ಗಾಢವಾಗಿ ಅದರ ಘನೀಭವನ ಬಿಂದು −3 ಡಿಗ್ರಿಗೆ ಇಳಿಯುತ್ತದೆ. ಕಾಲುಭಾಗ ನೀರು ಉಳಿದಾಗ −6. ಶೈತ್ಯಾಗಾರಗಳಲ್ಲಿ ವಾಡಿಕೆಯಾಗಿರುವ −18 ಡಿಗ್ರಿಯಲ್ಲಿ (ಇದು ಫ್ಯಾರನ್‌ಹೀಟ್ ಮಾನದ ಸೊನ್ನೆ) ಇದೇ ಲೆಕ್ಕದಂತೆ ಹನ್ನೆರಡರಲ್ಲೊಂದು ಪಾಲು, ಸುಮಾರು 70 ಗ್ರಾಂ ನೀರು, ಇನ್ನೂ ದ್ರವವಾಗಿಯೇ ಇರುತ್ತದೆ. ಗಾಢ ದ್ರಾವಣಗಳಿಗೆ ಬ್ಲಾಗ್ಡೆನ್ನನ ನಿಯಮ ಕರಾರುವಾಕ್ಕಾಗಿ ಅನ್ವಯಿಸುವುದಿಲ್ಲ. ಆದರೂ ಚಿತ್ರ ಸ್ಪಷ್ಟವಾಗಿದೆ. ಕಲ್ಲಿನಂತೆ ಕಾಣುವ ಗಡ್ಡೆಯೊಳಗೆ ಪಾಕದ ಎಳೆಗಳು ಹರಡಿಕೊಂಡಿವೆ.

ಇದನ್ನು ಬಾಲ್ಯದಲ್ಲಿ ನಾವೆಲ್ಲರೂ ಕಂಡಿದ್ದೇವೆ. ಐಸ್ ಕ್ಯಾಂಡಿಯನ್ನು ಜೋರಾಗಿ ಚೀಪಿದರೆ ಬಣ್ಣವೂ ಸಿಹಿಯೂ ಬಾಯಿಗೆ ಬಂದು ಕಡ್ಡಿಯಲ್ಲಿ ಸಪ್ಪೆಯಾದ ಬಿಳಿಯ ಮಂಜುಗಡ್ಡೆ ಉಳಿಯುತ್ತದೆ. ನಾವು ಹೀರಿದುದು ಸ್ಫಟಿಕಗಳ ನಡುವಿನ ಪಾಕವನ್ನು.

ನಮ್ಮ ಅಂಗಡಿಯ ಯಜಮಾನರು ತಿರುಳನ್ನು ದೊಡ್ಡ ಡಬ್ಬಿಯಲ್ಲಿ ತುಂಬಿ ಸಾಮಾನ್ಯ ಫ್ರೀಜರಿನಲ್ಲಿ ಇಟ್ಟಿದ್ದರು. ಹೆಪ್ಪು ಹೊರಗಿನಿಂದ ಒಳಕ್ಕೆ ಮೆಲ್ಲಮೆಲ್ಲಗೆ ಸರಿಯಿತು. ಸಕ್ಕರೆಯನ್ನೂ ಬಣ್ಣವನ್ನೂ ಮುಂದೆ ಮುಂದೆ ತಳ್ಳುತ್ತ ಹೋಯಿತು. ಅಂಚಿನಲ್ಲಿ ನೀರು ಹೆಚ್ಚು, ನಡುವೆ ಪಾಕ ಹೆಚ್ಚು. ಅಂಚಿನ ತುಂಡು ಆ ಹುಡುಗನ ಪಾಲಿಗೆ ಬಂದಿತು, ನಡುವಣ ತುಂಡು ನಮಗೆ. ಹೆಪ್ಪು ವೇಗವಾಗಿ ಸರಿದಿದ್ದರೆ ಪಾಕಕ್ಕೆ ಓಡಲು ಅವಕಾಶ ಸಿಕ್ಕದೆ ನವುರಾದ ಸ್ಫಟಿಕಗಳ ನಡುವೆಯೇ ಅದು ಸಿಕ್ಕಿಬೀಳುತ್ತಿತ್ತು.

ವೇಗವಾಗಿ ಹಿಮಗಟ್ಟಿಸಿದರೆ ಜೀವಕೋಶಗಳು ಒಡೆಯುವುದು ಕಡಮೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಇಡೀ ಹಣ್ಣಿಗೆ ಅದು ಸರಿ. ತಿರುಳಿನಲ್ಲಿಯೋ, ಕೋಶಗಳನ್ನು ಜರಡಿಯಲ್ಲಿ ನಾವೇ ಒಡೆದಾಗಿದೆ! ಇಲ್ಲಿ ವೇಗದ ಪ್ರಯೋಜನವೆಂದರೆ ರುಚಿಯೂ ಬಣ್ಣವೂ ಎಲ್ಲೆಡೆ ಸಮನಾಗಿ ಉಳಿಯುವುದು, ಕರಗಿದಾಗ ನೀರು ಬೇರ್ಪಡದಿರುವುದು.

ವೇಗಕ್ಕೆ ಅಡ್ಡಿ ಯಾವುದು? ಮೊದಲನೆಯದು ಗುಪ್ತೋಷ್ಣ. 1760ರ ದಶಕದಲ್ಲಿ ಗ್ಲಾಸ್ಗೋವಿನ ಜೋಸೆಫ್ ಬ್ಲ್ಯಾಕ್ ತೋರಿಸಿದಂತೆ ನೀರು ಹೆಪ್ಪುಗಟ್ಟುವಾಗ ಉಷ್ಣತೆ ಬದಲಾಗದೆಯೇ ಬಹಳಷ್ಟು ಶಾಖ ಹೊರಬರುತ್ತದೆ. ಒಂದು ಗ್ರಾಮಿಗೆ 334 ಜೂಲ್. 25 ಡಿಗ್ರಿಯಲ್ಲಿರುವ ಒಂದು ಕಿಲೋಗ್ರಾಂ ತಿರುಳನ್ನು −18 ಡಿಗ್ರಿಗೆ ಒಯ್ಯಲು ಸುಮಾರು 390 ಕಿಲೋಜೂಲ್ ಶಾಖವನ್ನು ಹೊರಹಾಕಬೇಕು. ಅದರಲ್ಲಿ 257 ಕಿಲೋಜೂಲ್, ಎಂದರೆ ಮೂರರಲ್ಲಿ ಎರಡು ಪಾಲು, ಗುಪ್ತೋಷ್ಣವೇ.

ಎರಡನೆಯದು ಗಾಳಿ. ಅಲುಗಾಡದ ಗಾಳಿ ಶಾಖವನ್ನು ಒಯ್ಯುವುದರಲ್ಲಿ ಮಹಾ ಸೋಮಾರಿ. ಜರ್ಮನಿಯ ಪ್ಲಾಂಕ್ (ಕ್ವಾಂಟಂ ಸಿದ್ಧಾಂತದ ಮ್ಯಾಕ್ಸ್ ಪ್ಲಾಂಕ್ ಅಲ್ಲ, ರುಡಾಲ್ಫ್ ಪ್ಲಾಂಕ್) 1913ರಲ್ಲಿ ಕೊಟ್ಟ ಸಮೀಕರಣದಿಂದ ನಾವು ಅಂದಾಜು ಮಾಡಿ ನೋಡಿದೆವು. ನಿಶ್ಚಲ ಗಾಳಿಯ −18 ಡಿಗ್ರಿ ಫ್ರೀಜರಿನಲ್ಲಿ ಎರಡೂ ಮೈಗೆ ಗಾಳಿ ತಗಲುವಂತಿಟ್ಟ 2 ಸೆಂಟಿಮೀಟರ್ ದಪ್ಪದ ಹಲಗೆಯಂತಹ ಚೀಲ ಗಟ್ಟಿಯಾಗಲು ಸುಮಾರು 6 ಗಂಟೆ ಬೇಕು. 10 ಸೆಂಟಿಮೀಟರ್ ದಪ್ಪವಾದರೆ ಹೆಚ್ಚುಕಡಮೆ ಒಂದೂವರೆ ದಿನ. ಗಾಳಿಯನ್ನು ಬಿಟ್ಟು −35 ಡಿಗ್ರಿಯ ಲೋಹದ ಎರಡು ಫಲಕಗಳ ನಡುವೆ ಒತ್ತಿಟ್ಟರೆ 5 ಸೆಂಟಿಮೀಟರ್ ದಪ್ಪದ ಹಲಗೆಗೆ ಅರ್ಧ ಗಂಟೆಯೇ ಸಾಕು! 1920ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಇಂತಹ ಫಲಕಯಂತ್ರವನ್ನು ರೂಪಿಸಿದನು. ಲ್ಯಾಬ್ರಡಾರಿನ ಕಡುಚಳಿಯಲ್ಲಿ ನೀರಿನಿಂದ ಎತ್ತಿದ ಮೀನು ಕ್ಷಣಾರ್ಧದಲ್ಲಿ ಮರಗಟ್ಟಿ, ತಿಂಗಳುಗಳ ಬಳಿಕವೂ ತಾಜಾ ರುಚಿ ಕೊಡುವುದನ್ನು ಆತ ಕಂಡಿದ್ದನು.

ನಮ್ಮ ಊರಿನಲ್ಲಿ ಇನ್ನೊಂದು ತೊಂದರೆ ವಿದ್ಯುತ್ ಕಡಿತ. ಗಡ್ಡೆಯ ಉಷ್ಣತೆ −18ರಿಂದ −6ಕ್ಕೆ ಏರಿದರೆ ಮುಟ್ಟುವವನಿಗೆ ಅದು ಇನ್ನೂ ಗಟ್ಟಿಯೇ. ಆದರೆ ನಮ್ಮ ಲೆಕ್ಕದಂತೆ ದ್ರವದ ಪಾಲು ಹನ್ನೆರಡರಲ್ಲೊಂದರಿಂದ ನಾಲ್ಕರಲ್ಲೊಂದಕ್ಕೆ ಏರಿರುತ್ತದೆ. ಚಿಕ್ಕ ಸ್ಫಟಿಕಗಳು ಮೊದಲು ಕರಗುತ್ತವೆ. ವಿದ್ಯುತ್ತು ಬಂದು ಮತ್ತೆ ತಣಿದಾಗ ಆ ನೀರು ಉಳಿದ ದೊಡ್ಡ ಸ್ಫಟಿಕಗಳಿಗೇ ಅಂಟಿಕೊಳ್ಳುತ್ತದೆ. ನಾಲ್ಕಾರು ಬಾರಿ ಹೀಗಾದರೆ ನವುರಾಗಿದ್ದ ತಿರುಳು ಮರಳು ಮರಳಾಗುತ್ತದೆ. ಪೆಟ್ಟಿಗೆಯನ್ನು ತುಂಬಿಟ್ಟು ಮುಚ್ಚಳ ತೆರೆಯದಿದ್ದರೆ ಅದೇ ಗುಪ್ತೋಷ್ಣ ನಮ್ಮ ನೆರವಿಗೆ ಬರುತ್ತದೆ.

ಅಂಗಡಿಯ ಗಡ್ಡೆಯ ಅಂಚಿನದೊಂದು, ನಡುವಿನದೊಂದು ತುಂಡನ್ನು ಬೇಡಿ ತಂದು, ಕರಗಿಸಿ ಸೋಸಿ, ಕಾಲೇಜಿನ ಪ್ರಯೋಗಶಾಲೆಯ ವಕ್ರೀಭವನಮಾಪಕದಲ್ಲಿ ನೋಡಿದೆವು. ನಡುವಿನ ರಸದ ವಕ್ರೀಭವನಾಂಕ ಸ್ಪಷ್ಟವಾಗಿ ಹೆಚ್ಚಾಗಿತ್ತು. ಮಾಪಕದಲ್ಲಿ ಕಣ್ಣಿಟ್ಟು ಓದಿದವನು ದೂರಿದ್ದ ಹುಡುಗನೇ. ಮರುದಿನ ಆತ ಒಬ್ಬನೇ ಅಂಗಡಿಗೆ ಹೋಗಿ ಬಂದನು. ಏನು ಮಾತಾಯಿತೆಂದು ನಾವು ಕೇಳಲಿಲ್ಲ.

ಈಗ ಅಲ್ಲಿ ದೊಡ್ಡ ಡಬ್ಬಿಯಿಲ್ಲ. ಒಂದೊಂದು ಲೋಟಕ್ಕೆ ಸಾಕಾಗುವ ತೆಳು ಚೀಲಗಳನ್ನು, ಹಿಗ್ಗುವುದಕ್ಕೆ ತುಸು ಜಾಗ ಬಿಟ್ಟು ಮುಚ್ಚಿ, ಸ್ಟೀಲ್ ತಟ್ಟೆಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿ ಹಿಮಗಟ್ಟಿಸುತ್ತಾರೆ. ಚೀಲದೊಳಗೆ ಪಾಕ ಎಲ್ಲಿಗೆ ಸರಿದರೂ ಪೂರ್ತಿ ಚೀಲ ಒಂದೇ ಲೋಟಕ್ಕೆ ಬೀಳುತ್ತದೆ.